ತಂಡದ ಹಿಂದೆ ಊರು ಬಿಟ್ಟ ಎವೆಲಿನ್

ಪೋರ್ಟ್ ಕಾರ್ವರ್‌ನಲ್ಲಿ ಚಳಿಗಾಲ ಮುಗಿಯುತ್ತಾ ಬಂತು ಅನ್ನುವುದು ರೇಡಿಯೊ ಕೇಳಿದರೆ ತಿಳಿಯುತ್ತಿತ್ತು. ಈ ವರ್ಷ ಯಾವ ತಂಡ ಗಂಟುಮೂಟೆ ಕಟ್ಟುತ್ತದೆ, ಯಾವ ಊರು ಬಿಟ್ಟು ಯಾವ ಊರಿಗೆ ಹೋಗುತ್ತದೆ ಎಂಬ ಹರಟೆ ಆಗ ಶುರುವಾಗುತ್ತಿತ್ತು. ಬೇಸ್‌ಬಾಲಿನಿಂದ ಹೊರಟರೂ ಫುಟ್‌ಬಾಲಿನಿಂದ ಹೊರಟರೂ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದುದು ಆ ಊರಿನ ಐಸ್ ಹಾಕಿ ತಂಡವಾದ ಸ್ಟೋಕರ್ಸ್ ಹತ್ತಿರ. ಉಕ್ಕಿನ ಕುಲುಮೆಗೆ ಕಲ್ಲಿದ್ದಲು ಹಾಕುವವರ ಹೆಸರು ಹೊತ್ತ ತಂಡ ಅದು. ಕುಲುಮೆಗಳು ಆರಿ ಬಹಳ ಕಾಲವಾಗಿತ್ತು, ತಂಡ ಮಾತ್ರ ಉಳಿದಿತ್ತು.

ಎವೆಲಿನ್ ಸ್ಟ್ರಾಕಾ ಈ ಹರಟೆಯನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳು ಸ್ಟೋಕರ್ಸ್ ಆಡುವ ಹಿಮಾಂಗಣದಲ್ಲಿ ಆಟದ ನಡುನಡುವೆ ಜನರನ್ನು ಹುರಿದುಂಬಿಸಲು ಆರ್ಗನ್ ನುಡಿಸುವವಳು. ಮೂವತ್ತರ ಆಸುಪಾಸಿನಲ್ಲಿ ಆ ಪೀಠ ಹತ್ತಿದವಳು ಕೂದಲು ಬೆಳ್ಳಗಾದರೂ ಇಳಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಸಂತ ಸಿರಿಲ್ ಚರ್ಚಿನಲ್ಲಿ ಸ್ತೋತ್ರ, ಮಧ್ಯಾಹ್ನ ಹಿಮಾಂಗಣದಲ್ಲಿ ಆಟ. ವಾರದ ಉಳಿದ ದಿನ ಮಕ್ಕಳಿಗೆ ಪಿಯಾನೊ ಪಾಠ, ಆಟವಿದ್ದ ಸಂಜೆ ಮತ್ತೆ ಹಿಮಾಂಗಣ. ಮದುವೆಯಾಗಿರಲಿಲ್ಲ. ಕೇಳಿದವರಿಗೆ, "ಚಳಿಗಾಲ ಪೂರ್ತಿ ಸಂಜೆ ಮನೇಲಿ ಇರದ ಹೆಂಗಸನ್ನ ಯಾರ್ ಕಟ್ಕೋತಾರೆ?" ಅನ್ನುತ್ತಿದ್ದಳು.

ಅವಳಿಗೆ ಆ ಕೆಲಸ ಸಿಕ್ಕಿದ್ದೇ ಒಂದು ಕುಚೇಷ್ಟೆಯಿಂದ. ಅಲ್ಲಿ ನುಡಿಸುತ್ತಿದ್ದ ಮುದುಕ ಮೆಟ್ಟಿಲಿನಿಂದ ಜಾರಿ ಮಣಿಕಟ್ಟು ಮುರಿದುಕೊಂಡಾಗ ಅವಳ ಚರ್ಚಿನ ಪಾದ್ರಿ ಆಂಟನ್ ಅವರೇ ಅವಳನ್ನು ಕಳಿಸಿದ್ದರು. ಮೊದಲ ದಿನವೇ ಎರಡು ಕಡೆಯ ಆಟಗಾರರಿಬ್ಬರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು, ಹೊಡೆಯಲೂ ಆಗದೆ ಬಿಡಲೂ ಆಗದೆ, ಮಂಜಿನ ಮೇಲೆ ಸುತ್ತತೊಡಗಿದರು. ಎವೆಲಿನ್ ಒಂದು ಗಳಿಗೆ ನೋಡಿ, ವಧು ಬರುವಾಗ ಚರ್ಚಿನಲ್ಲಿ ನುಡಿಸುವ ಮೆರವಣಿಗೆಯ ಧಾಟಿಯನ್ನು ನಿಧಾನವಾಗಿ ಶುರು ಮಾಡಿದಳು. ಇಡೀ ಅಂಗಣ ಬಿದ್ದು ಬಿದ್ದು ನಕ್ಕಿತು. ಜಗಳಗಂಟರೂ ನಕ್ಕು ಕೈ ಬಿಟ್ಟರು. ಮಣಿಕಟ್ಟು ಕೂಡಿದ ಮೇಲೂ ಮುದುಕನನ್ನು ಯಾರೂ ಕರೆಯಲಿಲ್ಲ. ಸ್ಟೋಕರ್ಸ್ ಗೆದ್ದ ದಿನ ಮಾತ್ರ ಅವಳು ನುಡಿಸುತ್ತಿದ್ದುದು ತನ್ನ ಅಜ್ಜ ಸ್ಲೊವಾಕಿಯಾದಿಂದ ಅಕಾರ್ಡಿಯನ್ ಜೊತೆ ಹೊತ್ತು ತಂದಿದ್ದ ಪೋಲ್ಕಾ ಎಂಬ ಒಂದು ಮದುವೆ ಮನೆಯ ಕುಣಿತದ ಧಾಟಿ. ಅದಕ್ಕೆ ಜನ ಕಾಲಿನಿಂದ ತಾಳ ಹಾಕುತ್ತಿದ್ದರು. ಕಬ್ಬಿಣದ ಗ್ಯಾಲರಿ ಗುಡುಗುತ್ತಿತ್ತು.

ತಮ್ಮ ಕ್ಲೆಮ್ ಭಾನುವಾರ ರಾತ್ರಿಯ ಊಟಕ್ಕೆ ಅವಳ ಮನೆಗೇ ಬರುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇದ್ದದ್ದು ಎರಡೇ, ಅಕ್ಕನ ಕೈಯ ಕೋಸು-ಶಾವಿಗೆ ಮತ್ತು ಸ್ಟೋಕರ್ಸ್. ತಂಡ ಹೋಗುತ್ತದೆ ಅಂದವರ ಜೊತೆ ಅವನು ಜಗಳಕ್ಕೇ ನಿಲ್ಲುತ್ತಿದ್ದ.

"ಉಕ್ಕಿನ ಕಾರ್ಖಾನೆ ಹೋಯ್ತು. ಅಂಗಡಿಗಳು ಹೋದ್ವು. ಒಂದೇ ಮನೇಲಿ ಎಷ್ಟು ಸಾವು ಆಗತ್ತೆ ಎವಿ? ದೇವರಿಗೂ ಒಂದು ನ್ಯಾಯ ಇರತ್ತೆ."

"ದೇವರು ತಂಡದ ಮಾಲೀಕ ಅಲ್ಲ ಕಣೋ," ಅನ್ನುತ್ತಿದ್ದಳು ಅವಳು. "ತಟ್ಟೆ ಕೊಡು ಈಚೆ."

ಮಾಲೀಕ ವೆಂಡೆಲ್ ಪ್ರೂಯಿಟ್ ಹೊರಗಿನವನು. ಹೊಸ ಹಿಮಾಂಗಣ ಕಟ್ಟಿಕೊಡಿ ಎಂದು ನಗರಸಭೆಯನ್ನು ಪೀಡಿಸುತ್ತಲೇ ಇದ್ದ. ನಗರಸಭೆಗೆ ಒಡೆದ ನೀರಿನ ಕೊಳವೆ ಸರಿ ಮಾಡಿಸಲೇ ಶಕ್ತಿಯಿರಲಿಲ್ಲ. ಅತ್ತ ಅರಿಜೋನಾದ ಮರುಭೂಮಿಯಲ್ಲಿ ಮೆಸಾ ಬ್ಲಾಂಕಾ ಎಂಬ ಹೊಸ ಊರು, ಇನ್ನೂ ತಂಡವೇ ಇಲ್ಲದಿದ್ದರೂ, ಗಾಜಿನ ದೊಡ್ಡ ಅಂಗಣ ಕಟ್ಟಿ ಬಾಗಿಲು ತೆರೆದು ಕೂತಿತ್ತು. ಒಂದು ಫೆಬ್ರವರಿಯ ಮಧ್ಯಾಹ್ನ ಎವೆಲಿನ್ ಮಾಂಸದಂಗಡಿಯಲ್ಲಿ ಸಾಸೇಜ್ ತೂಗಿಸುತ್ತಿದ್ದಾಗ ರೇಡಿಯೊ ಸುದ್ದಿ ಹೇಳಿತು: ಸ್ಟೋಕರ್ಸ್ ಮೆಸಾ ಬ್ಲಾಂಕಾಗೆ ಹೋಗುತ್ತಾರೆ, ಈ ಸಲದ ಆಟದ ಋತು ಮುಗಿದ ಕೂಡಲೇ. ಅಂಗಡಿಯವನು ತೂಕದ ತಟ್ಟೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ನಿಂತುಬಿಟ್ಟ. ಸರದಿಯಲ್ಲಿದ್ದವರು ಯಾರೂ ಅವನನ್ನು ಅವಸರಿಸಲಿಲ್ಲ.

ಕೊನೆಯ ಆಟ ಭಾನುವಾರ ಮಧ್ಯಾಹ್ನವಿತ್ತು. ಸ್ಟೋಕರ್ಸ್ ಸೋತರು. ಆಟಗಾರರು ಕೋಲು ಎತ್ತಿ ನಮಸ್ಕರಿಸಿ ಒಳಗೆ ಹೋದರು. ಜನ ಏಳಲಿಲ್ಲ. ಹತ್ತು ಸಾವಿರ ಮಂದಿ ಖಾಲಿ ಮಂಜನ್ನು ನೋಡುತ್ತಾ ಕೂತಿದ್ದರು. ಅಂಗಣದ ಮೇಲ್ವಿಚಾರಕ ಆರ್ಗನ್ ಹತ್ತಿರ ಬಂದು, "ನಿಲ್ಸಿಬಿಡು ಎವೆಲಿನ್, ದೀಪ ಆರಿಸೋಕೆ ಹೇಳಿದಾರೆ," ಅಂದ.

"ನೀನು ಆರಿಸು. ನನಗೆ ಕತ್ತಲಲ್ಲೂ ಬರತ್ತೆ."

ಸೋತ ದಿನ ಎಂದೂ ನುಡಿಸದ ಪೋಲ್ಕಾವನ್ನು ಅಂದು ಅವಳು ನುಡಿಸಿದಳು. ಜನ ಕೂಗಿ ಕೇಳಿದ್ದನ್ನೆಲ್ಲ ನುಡಿಸಿದಳು. ಮೇಲ್ವಿಚಾರಕ ದೀಪ ಆರಿಸಲಿಲ್ಲ, ಅಲ್ಲೇ ಕೂತು ಕೇಳಿದ. ಬೆರಳು ಮರಗಟ್ಟಿದ ಮೇಲೆ ಅವಳು ಮುಚ್ಚಳ ಹಾಕಿ ಕೋಟು ಹಾಕಿಕೊಂಡಳು. ಆಗ ಜನ ಎದ್ದರು.

ಏಪ್ರಿಲ್‌ನಲ್ಲಿ ತಂಡದ ಕಚೇರಿಯ ಮಾರ್ಲೀನ್ ಫೋನ್ ಮಾಡಿದಳು. ಹೊಸ ಊರಿಗೆ ಬರುತ್ತೀಯಾ ಎಂದು ಕೇಳಿದಳು. ಅಲ್ಲಿ ಎಲ್ಲವೂ ಹೊಸದು, ಒಂದಾದರೂ ಹಳೆಯ ಸದ್ದು ಇರಲಿ ಎಂದು ಪ್ರೂಯಿಟ್‌ಗೆ ಆಸೆಯಂತೆ. ಎವೆಲಿನ್ ನಕ್ಕು ಫೋನ್ ಇಟ್ಟಳು. ವಾರ ಕಳೆಯುವುದರೊಳಗೆ ನಗು ಹೋಗಿತ್ತು. ಸಂತ ಸಿರಿಲ್ ಚರ್ಚನ್ನು ಪಕ್ಕದ ಚರ್ಚಿನೊಂದಿಗೆ ಕೂಡಿಸಿ ಆಗಿತ್ತು, ಅಲ್ಲಿ ಗಿಟಾರ್ ನುಡಿಸುವ ಹುಡುಗರಿದ್ದರು, ಆರ್ಗನ್ ಬೇಕಿರಲಿಲ್ಲ. ಬೆಳಿಗ್ಗೆ ಎದ್ದರೆ ಬೆರಳು ಅಡುಗೆಮನೆಯ ಮೇಜಿನ ಮೇಲೆ ತಮ್ಮ ಪಾಡಿಗೆ ಓಡಾಡುತ್ತಿದ್ದವು. ಅವಳೇ ತಿರುಗಿ ಫೋನ್ ಮಾಡಿ ಬರುತ್ತೇನೆ ಅಂದಳು.

ಕ್ಲೆಮ್‌ಗೆ ಹೇಳಿದ್ದು ಊಟದ ಹೊತ್ತಿನಲ್ಲಿ. ಅವನು ಫೋರ್ಕ್ ಕೆಳಗಿಟ್ಟ.

"ಕಳ್ಳ ಮನೆ ದೋಚ್ಕೊಂಡು ಹೋದ್ರೆ, ನೀನು ದೀಪ ಹಿಡ್ಕೊಂಡು ಹಿಂದೆ ಹೋಗ್ತೀಯಾ?"

"ಕಾರ್ಖಾನೆ ಮುಚ್ಚಿದಾಗ ನೀನು ಇಂಡಿಯಾನಾಗೆ ಹೋಗಿ ಮೂರು ವರ್ಷ ಬೇರೆಯವರ ಕುಲುಮೇಲಿ ದುಡೀಲಿಲ್ವಾ? ನಾನೇನಾದ್ರೂ ಅಂದ್ನಾ?"

"ಅದು ಹೊಟ್ಟೆಪಾಡು."

"ಇದೂ ಹೊಟ್ಟೆಪಾಡೇ. ನನ್ನ ಹೊಟ್ಟೆ ಬೆರಳಲ್ಲಿದೆ, ಅಷ್ಟೆ."

"ಊರಿನವರ ಮುಖ ಹೆಂಗೆ ನೋಡ್ಲಿ ನಾನು?"

"ನೋಡ್ಬೇಡ. ಅವರೂ ಅವರವರ ತಟ್ಟೆ ನೋಡ್ಕೊಂಡು ಉಣ್ಲಿ."

ಕ್ಲೆಮ್ ಎದ್ದು ಹೋದ. ಬಾಗಿಲನ್ನು ಜೋರಾಗಿ ಹಾಕಲಿಲ್ಲ, ಮೆಲ್ಲಗೆ ಎಳೆದುಕೊಂಡ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಅವಳು ಹೊರಡುವ ದಿನ ಅವನು ಬರಲಿಲ್ಲ. ನೆರೆಮನೆಯ ಮುದುಕಿ ಬೇಲಿಯಾಚೆಯಿಂದ, "ಪ್ರೂಯಿಟ್‌ಗೆ ನನ್ನ ಶಾಪ ತಲುಪಿಸಿಬಿಡಮ್ಮ," ಅಂದು ಒಳಗೆ ಹೋದಳು.

ಮೆಸಾ ಬ್ಲಾಂಕಾದಲ್ಲಿ ತಂಡದ ಹೆಸರು ಸ್ಕಾರ್ಪಿಯನ್ಸ್ ಎಂದಾಯಿತು, ಅಂಗಿಯ ಮೇಲೆ ಕಲ್ಲಿದ್ದಲಿನ ಸಲಿಕೆಯ ಬದಲು ಚೇಳು ಬಂತು. ಹೊರಗೆ ರಸ್ತೆ ಕಾದ ಕಾವಲಿಯಂತಿದ್ದರೆ ಜನ ಚಡ್ಡಿ ಹಾಕಿಕೊಂಡು ಬಂದು ಮಂಜಿನ ಮುಂದೆ ನಡುಗುತ್ತಾ ಕೂರುತ್ತಿದ್ದರು. ತಡವಾಗಿ ಬರುತ್ತಿದ್ದರು, ಬೇಗ ಎದ್ದು ಹೋಗುತ್ತಿದ್ದರು. ಚಳಿಯ ಊರುಗಳಿಂದ ಬಂದು ನೆಲೆಸಿದವರು ಬಹಳ ಮಂದಿ ಇದ್ದುದರಿಂದ ಎದುರಾಳಿಗಳಿಗೇ ಹೆಚ್ಚು ಚಪ್ಪಾಳೆ ಬೀಳುತ್ತಿತ್ತು. ಧ್ವನಿವರ್ಧಕದ ಡಬಡಬ ಸದ್ದಿನ ನಡುವೆ ಎವೆಲಿನ್‌ಗೆ ಅಲ್ಲೊಂದು ಇಲ್ಲೊಂದು ನಿಮಿಷ ಸಿಗುತ್ತಿತ್ತು. ಚಪ್ಪಾಳೆಗೆಂದು ಜಾಗ ಬಿಟ್ಟು ನುಡಿಸಿದರೆ ಜಾಗ ಖಾಲಿಯಾಗಿಯೇ ಉಳಿಯುತ್ತಿತ್ತು. ಪೋರ್ಟ್ ಕಾರ್ವರ್ ಕಾಲದಿಂದಲೂ ತಂಡದ ನಾಯಕನಾಗಿದ್ದ ಲಬ್ರೆಕ್ ಒಬ್ಬನೇ ಹಾದುಹೋಗುವಾಗ ಅವಳತ್ತ ನೋಡಿ ಕೋಲಿನಿಂದ ಮಂಜು ತಟ್ಟುತ್ತಿದ್ದ. ಬಾಡಿಗೆ ಮನೆಗೆ ಬಂದು ಅವಳು ಕೆಲವು ಸಲ ಅತ್ತಳು. ಕ್ಲೆಮ್‌ಗೆ ಫೋನ್ ಮಾಡಿದರೆ ಅವನು ಎತ್ತುತ್ತಿರಲಿಲ್ಲ.

ಜನವರಿಯಲ್ಲಿ ಸ್ಕಾರ್ಪಿಯನ್ಸ್ ಒಂದು ಆಟ ಗೆದ್ದ ಹೊತ್ತಿಗೆ ಧ್ವನಿವರ್ಧಕ ಕೆಟ್ಟಿತು. ಕೇಳುವವರಿಲ್ಲದಿದ್ದರೂ ಇರಲಿ ಎಂದು ಅವಳು ಅಜ್ಜನ ಪೋಲ್ಕಾ ಹಿಡಿದಳು. ಎರಡನೇ ಸುತ್ತಿಗೆ ಮೇಲಿನ ಬಾಗಿಲ ಕಡೆಯಿಂದ ಚಪ್ಪಾಳೆ ಕೇಳಿಸಿತು, ಅದೂ ಸರಿಯಾದ ಜಾಗದಲ್ಲಿ. ತಿರುಗಿ ನೋಡಿದರೆ ಜನರಿಗೆ ಕುರ್ಚಿ ತೋರಿಸುವ ಒಫೀಲಿಯಾ ಬರ್ರಗಾನ್, ನೀಲಿ ಸಮವಸ್ತ್ರದಲ್ಲಿ, ಹೆಗಲು ಕುಣಿಸುತ್ತಾ ಕೈ ತಟ್ಟುತ್ತಿದ್ದಳು. ಅವಳ ಜೊತೆಯ ಇಬ್ಬರು ಗಂಡಸರೂ ಸೇರಿಕೊಂಡರು. ಕೊನೆಗೆ ಒಬ್ಬ ಉದ್ದಕ್ಕೆ ಶಿಳ್ಳೆ ಎಳೆದ. ಆ ಬದಿಯ ಗ್ಯಾಲರಿ ತಿರುಗಿ ನೋಡಿ, ಅನುಮಾನಿಸಿ, ತಾನೂ ಕೈ ತಟ್ಟಿತು.

ಆಟ ಮುಗಿದ ಮೇಲೆ ಒಫೀಲಿಯಾ ಆರ್ಗನ್ ಹತ್ತಿರ ಬಂದಳು.

"ನಮ್ಮಜ್ಜನ ಮದುವೆ ಹಾಡು ನಿಮಗೆ ಯಾರು ಕಲಿಸಿದ್ರು?"

"ಅದು ನಮ್ಮಜ್ಜನದು."

"ಸುಳ್ಳು ಹೇಳ್ಬೇಡಿ ಅಕ್ಕಾ. ಗಡಿಯಾಚೆ ನಮ್ಮ ಹಳ್ಳೀಲಿ ಅಕಾರ್ಡಿಯನ್ ಹಿಡ್ಕೊಂಡು ಇದನ್ನೇ ಬಾರಿಸ್ತಾರೆ. ಕೊಂಚ ಜೋರಾಗಿ, ಕೊಂಚ ಕುಡಿದು."

"ನಮ್ಮಜ್ಜನೂ ಕುಡೀತಿದ್ದ," ಅಂದಳು ಎವೆಲಿನ್.

ಅವತ್ತಿನ ಊಟ ಒಫೀಲಿಯಾಳ ಮನೆಯಲ್ಲಾಯಿತು. ಅವಳ ಚಿಕ್ಕಪ್ಪ ಅಕಾರ್ಡಿಯನ್ ತೆಗೆದು, ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ನಿಲ್ಲಿಸಬೇಕು ಎಂದು ತೋರಿಸಿದ. ಯಾರ ಅಜ್ಜ ಯಾರಿಂದ ಕಲಿತನೋ ಯಾರಿಗೂ ಗೊತ್ತಿರಲಿಲ್ಲ. ಜೋಳದ ರೊಟ್ಟಿ, ಹಂದಿ ಮಾಂಸದ ಸಾರು ಬಡಿಸುತ್ತಾ ಒಫೀಲಿಯಾಳ ತಾಯಿ, "ನಿಮ್ಮ ಕಡೆಯವರು ಇಷ್ಟು ಸಣ್ಣ ತುತ್ತು ಉಣ್ತಾರಾ? ಅದಕ್ಕೇ ಸೋಲ್ತೀರ," ಅಂದಳು.

ಆಮೇಲೆ ಕೆಲಸ ಸಲೀಸಾಯಿತು. ಮರುಋತುವಿಗೆ ಬಿಸಿಲಿನ ಊರಿನವರಿಗೂ ಯಾವಾಗ ಕೈ ತಟ್ಟಬೇಕು, ಯಾವಾಗ ಗೇಲಿ ಮಾಡಬೇಕು ಎಂಬುದು ಬಂತು. ಎದುರು ತಂಡದವನು ತಪ್ಪು ಮಾಡಿ, ಶಿಕ್ಷೆಗೆಂದು ಕೂರಿಸುವ ಗಾಜಿನ ಕಟಕಟೆಗೆ ಹೋಗುವಾಗ ಎವೆಲಿನ್ ಜೋಗುಳ ನುಡಿಸಿದರೆ ಅರ್ಧ ಅಂಗಣ ತೋಳಿನಲ್ಲಿ ಮಗು ತೂಗಿದಂತೆ ತೂಗುತ್ತಿತ್ತು. ಚಡ್ಡಿ ಹಾಕಿದವರು ಕಂಬಳಿ ತರುವುದನ್ನೂ ಕಲಿತರು.

ನಾಲ್ಕನೇ ಚಳಿಗಾಲದಲ್ಲಿ ಅಲ್ಲಿನ ರೇಡಿಯೊದಲ್ಲೂ ಹರಟೆ ಶುರುವಾಯಿತು. ಈ ಸಲ ಯಾವ ತಂಡ ಊರು ಬಿಡುತ್ತದೆ? ಅಂಗಣದ ಒಪ್ಪಂದದಲ್ಲಿ ಪ್ರೂಯಿಟ್‌ಗೂ ಊರಿಗೂ ಜಟಾಪಟಿ ಅಂತೆ. ಉತ್ತರದ ಯಾವುದೋ ಊರಿನವರು ಬಂದು ಮಾತಾಡಿ ಹೋದರಂತೆ.

ಒಫೀಲಿಯಾ ಕೇಳಿದಳು, "ನೀವು ನೋಡಿದೋರು. ಹೋಗ್ತಾರಾ ಅಕ್ಕಾ?"

ಎವೆಲಿನ್‌ಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೋಗ್ತಾರೆ. ಹೋಗಲ್ಲ ಅಂತ ಮಾಲೀಕ ತಾನೇ ಬಂದು ಹೇಳಿದ ದಿನ ಗ್ಯಾರಂಟಿ ಅನ್ಕೋ."

ಮುಂದಿನ ವಾರವೇ ಪ್ರೂಯಿಟ್ ಟೀವಿಯಲ್ಲಿ ಕಾಣಿಸಿಕೊಂಡು, ಇದೇ ನಮ್ಮ ಮನೆ ಅಂದ. ಮಾರ್ಚ್‌ನಲ್ಲಿ ಹೋಗುವುದು ಖಾಯಂ ಆಯಿತು. ಮಾರ್ಲೀನ್ ಮತ್ತೆ ಬಂದು ಕೇಳಿದಳು. ಎವೆಲಿನ್ ಈ ಸಲ ಯೋಚಿಸಲಿಲ್ಲ. "ನಾನು ಬರಲ್ಲಮ್ಮ. ಒಂದು ಸಲ ಬಂದಿದ್ದು ನುಡಿಸೋಕೆ. ಇನ್ನೊಂದು ಸಲ ಬಂದ್ರೆ ಬರೀ ಸಾಮಾನು ಸಾಗಿಸಿದ ಹಾಗೆ."

ಆ ವಾರದ ಕೊನೆಗೆ ಅವಳ ಫೋನ್ ಬಡಿಯಿತು. ಆ ಕಡೆ ಕೆಮ್ಮಿದ್ದು ಕ್ಲೆಮ್.

"ರೇಡಿಯೊದಲ್ಲಿ ಕೇಳ್ದೆ," ಅಂದ. "ಕೊನೇ ಆಟ ಯಾವತ್ತು?"

"ಯಾಕೆ?"

"ಬರ್ತೀನಿ. ಅಲ್ಲಿನೋರಿಗೆ ಇದು ಹೊಸದು. ಅಭ್ಯಾಸ ಇರೋನು ಒಬ್ಬನಾದ್ರೂ ಇರ್ಲಿ."

"ಶಾಪ ಹಾಕೋಕೆ ಬರೋದಾದ್ರೆ ಬೇಡ."

"ಹಾಕಿ ಹಾಕಿ ಸಾಕಾಗಿದೆ ಕಣೆ. ಅವನಿಗೇನೂ ಆಗ್ಲಿಲ್ಲ, ನನ್ನ ಬಿಪಿ ಏರ್ತು."

ವಿಮಾನದಿಂದ ಇಳಿದವನು ದಪ್ಪ ಕೋಟು ತೋಳ ಮೇಲೆ ಹಾಕಿಕೊಂಡು ಬಿಸಿಲನ್ನು ಬೈಯುತ್ತಲೇ ಬಂದ. ತಬ್ಬಿಕೊಳ್ಳುವುದು ಅವರ ಮನೆಯಲ್ಲಿ ರೂಢಿಯಿರಲಿಲ್ಲ. ಅವಳ ಕೈಚೀಲವನ್ನು ತಾನು ಹಿಡಿದುಕೊಂಡ. ಕಾರಿನಲ್ಲಿ, "ಹಿಮಾಂಗಣ ಕೆಡವಿದ್ರು," ಅಂದ. "ನೋಡೋಕೆ ಹೋಗಿದ್ದೆ. ನೆನಪಿಗೆ ಅಂತ ಒಂದೊಂದು ಇಟ್ಟಿಗೆ ಕೊಡ್ತಿದ್ರು. ನಾನು ತಗೊಳ್ಲಿಲ್ಲ." ಆಮೇಲೆ, "ನೀನು ಫೋನ್ ಮಾಡಿದಾಗೆಲ್ಲ ಪಕ್ಕದಲ್ಲೇ ಕೂತಿರ್ತಿದ್ದೆ," ಅಂದ.

"ಗೊತ್ತು," ಅಂದಳು ಅವಳು. ಗೊತ್ತಿರಲಿಲ್ಲ.

ಕೊನೆಯ ಆಟದ ದಿನ ಅಂಗಣ ಅರ್ಧ ತುಂಬಿತ್ತು. ಪೋರ್ಟ್ ಕಾರ್ವರ್‌ನವರ ಹಾಗೆ ಇಲ್ಲಿನವರು ಕೂತೇ ಉಳಿಯಲಿಲ್ಲ. ಆಟ ಮುಗಿದ ಮೇಲೆ ಹೆಚ್ಚಿನವರು ಕಾರಿನತ್ತ ನಡೆದರು. ಒಂದಿಷ್ಟು ಮಂದಿ, ಕಂಬಳಿ ಹೊದ್ದ ಸಂಸಾರಗಳು, ಆರ್ಗನ್ ಬದಿಗೆ ಬಂದು ನಿಂತರು. ಎವೆಲಿನ್ ನುಡಿಸಿದಳು. ಒಫೀಲಿಯಾ ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದಳು. ನಾಳೆಯಿಂದ ಅವಳಿಗೂ ಕೆಲಸವಿರಲಿಲ್ಲ. ಕ್ಲೆಮ್ ಹೋಗಿ ಅವಳ ಪಕ್ಕ ಕೂತ.

"ಈ ಅಂಗಿ ಮನೆಗೆ ಹೋಗಿ ಸುಟ್ಟು ಹಾಕ್ತೀನಿ," ಅಂದಳು ಒಫೀಲಿಯಾ, ಸಮವಸ್ತ್ರದ ಮೇಲೆ ತೊಟ್ಟಿದ್ದ ಚೇಳಿನ ಅಂಗಿ ಎಳೆಯುತ್ತಾ.

"ಸುಡ್ಬೇಡಮ್ಮ. ನಾನು ನನ್ನ ಸ್ಟೋಕರ್ಸ್ ಅಂಗಿ ಸುಟ್ಟೆ. ಅದರಲ್ಲಿ ಪ್ರೂಯಿಟ್ ಇರ್ಲಿಲ್ಲ, ನಾನೇ ಇದ್ದೆ."

ಒಫೀಲಿಯಾ ಅವನನ್ನು ನೋಡಿದಳು. "ನೀವು ಅಕ್ಕನ ಜೊತೆ ಮಾತು ಬಿಟ್ಟಿದ್ದ ತಮ್ಮನಾ?"

"ಹೂಂ."

"ಹೊಟ್ಟೆಗೇನಾದ್ರೂ ಹಾಕಿದಾರಾ?"

"ಇನ್ನೂ ಇಲ್ಲ."

ಎವೆಲಿನ್ ಮೆಸಾ ಬ್ಲಾಂಕಾದಲ್ಲೇ ಉಳಿದಳು. ಒಫೀಲಿಯಾಳ ಚರ್ಚಿನವರಿಗೆ ಆರ್ಗನ್ ನುಡಿಸುವವರು ಬೇಕಾಗಿತ್ತು. ಶನಿವಾರಗಳಲ್ಲಿ ಒಫೀಲಿಯಾಳ ಚಿಕ್ಕಪ್ಪನ ಜೊತೆ ಮದುವೆಗಳಿಗೆ ಹೋಗುತ್ತಾಳೆ, ಅವನು ಅಕಾರ್ಡಿಯನ್, ಇವಳು ಕೀಬೋರ್ಡ್. ಒಫೀಲಿಯಾ ಈಗ ಒಂದು ಶಾಲೆಯ ಅಡುಗೆಮನೆಯಲ್ಲಿದ್ದಾಳೆ. ಪ್ರತಿ ಡಿಸೆಂಬರ್‌ನಲ್ಲಿ ಕ್ಲೆಮ್ ಬರುತ್ತಾನೆ, ಬಿಸಿಲನ್ನೂ ಸಾರಿನ ಖಾರವನ್ನೂ ಬೈಯುತ್ತಾ ಏಪ್ರಿಲ್‌ವರೆಗೂ ಇರುತ್ತಾನೆ. ಫೆಬ್ರವರಿ ಬಂದರೆ ರೇಡಿಯೊದವರು ಇನ್ನಾವುದೋ ಊರಿನ ತಂಡದ ಹೆಸರು ಹಿಡಿದು ಹರಟೆ ಶುರು ಮಾಡುತ್ತಾರೆ. ಅಕ್ಕ ತಮ್ಮ ಇಬ್ಬರೂ ತಂಡದ ಹೆಸರನ್ನಲ್ಲ, ಅದು ಬಿಟ್ಟುಹೋಗುವ ಊರಿನ ಹೆಸರನ್ನು ಮಾತ್ರ ಗಮನವಿಟ್ಟು ಕೇಳಿಸಿಕೊಳ್ಳುತ್ತಾರೆ.