ಬೇರೆಯವರ ರಕ್ತ

ನನಗೆ ದೆವ್ವ, ಕೊಲೆ, ಕೈಕಾಲು ಕತ್ತರಿಸುವ ಸಿನಿಮಾಗಳೆಂದರೆ ಪ್ರಾಣ. ಹೆಂಗಸಿಗೆ ಇದೆಂಥ ಚಪಲ ಎಂದು ನೀವು ಕೇಳಿದರೆ ಬೇಜಾರಿಲ್ಲ, ನಮ್ಮ ಯಜಮಾನರೇ ದಿನಾ ಕೇಳುತ್ತಾರೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಕೂತರೆ ನಾನು ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಪಕ್ಕದ ಮನೆಯ ಅಕ್ಕನೂ ಬರುತ್ತಾಳೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು "ಏನಾಯ್ತೇ, ಸತ್ನಾ?" ಎಂದು ನನ್ನನ್ನೇ ಕೇಳುತ್ತಾಳೆ.

ಯಜಮಾನರು ಒಮ್ಮೆ ಮಾತ್ರ ನಿಂತು ನೋಡಿದರು. ಸಿನಿಮಾದಲ್ಲಿ ಒಬ್ಬ ಚೂಪು ಸಲಾಕೆ ಹಿಡಿದು ಸಿಕ್ಕವರನ್ನೆಲ್ಲ ಚುಚ್ಚುತ್ತಿದ್ದ. "ಹಂಗ್ ಹಿಡ್ಕಂಡ್ರೆ ಒಂದ್ ಕಾಯೂ ಸುಲಿಯಾಕಾಗಲ್ಲ ಬುಡು" ಎಂದು ನಕ್ಕು ಹೋದರು. ನನಗೆ ನಗು ಬರಲಿಲ್ಲ.

ಅವರದು ತೆಂಗಿನಕಾಯಿ ಸುಲಿಯುವ ಕೆಲಸ. ನೆಲಕ್ಕೆ ನೆಟ್ಟ ಸಲಾಕೆಯ ಮೊನೆಗೆ ಕಾಯಿಯನ್ನು ಎರಡೂ ಕೈಯಿಂದ ಕುಕ್ಕಿ, ತಿರುಚಿ, ಮಟ್ಟೆ ಬಿಡಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ. ಅಂಗೈಗೂ ಮೊನೆಗೂ ನಡುವೆ ಒಂದು ಕಾಯಿ, ಅಷ್ಟೇ. ಮದುವೆಯಾದಾಗಿನಿಂದ ನನಗೆ ಆ ಕೈಗಳದೇ ಚಿಂತೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ಭಯಕ್ಕೂ ಒಂದು ಹೊತ್ತಿದೆ. ಸಂಗೀತ ಏರುತ್ತದೆ, ಬರಬೇಕಾದ ರಕ್ತ ಬಂದು ಮುಗಿಯುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ನಮ್ಮವರ ರಕ್ತವಲ್ಲ. ಎರಡು ಗಂಟೆ ಬೇರೆಯವರು ಸಾಯುವುದನ್ನು ನೋಡಿ ಎದ್ದರೆ ಮೈ ಹಗುರವಾಗುತ್ತದೆ. ನಾಚಿಕೆಯ ಮಾತು, ಆದರೂ ನಿಜ.

ಕಳೆದ ಬೇಸಿಗೆಯಲ್ಲಿ ಶೆಟ್ಟಿಕೆರೆ ಹತ್ತಿರದ ತೋಟವೊಂದರಲ್ಲಿ ಕೊಬ್ಬರಿ ಕೆಲಸವಿತ್ತು. ವರ್ಷದಿಂದ ಒಣಗಿದ್ದ ಕಾಯಿಗಳನ್ನು ಅಟ್ಟದಿಂದ ಇಳಿಸಿದ್ದರು. ನಮ್ಮ ಯಜಮಾನರೂ ಅಕ್ಕನ ಗಂಡನೂ ಅಕ್ಕಪಕ್ಕದ ಸಲಾಕೆಗಳಲ್ಲಿ ಸುಲಿಯುತ್ತಿದ್ದರು. ಅಕ್ಕನ ಗಂಡನನ್ನು ನಾನು ಭಾವ ಎಂದೇ ಕರೆಯುವುದು. ಅವರಿಬ್ಬರ ಬೆನ್ನ ಹಿಂದೆ ಕೂತು ನಾನೂ ಅಕ್ಕನೂ ಕರಟ ಒಡೆದು ಕೊಬ್ಬರಿ ಬಿಡಿಸುತ್ತಿದ್ದೆವು. ಸುಲಿಯುವವರನ್ನು ಹಿಂದಿನಿಂದ ಕೂಗಬಾರದು. ನೀರು ಬೇಕೇ ಎಂದು ಕೇಳುವುದಿದ್ದರೂ ಎದುರಿಗೆ ಹೋಗಿ, ಅವರ ಕೈಯಲ್ಲಿ ಕಾಯಿ ಇಲ್ಲದಾಗ ಕೇಳಬೇಕು. ಹೊಸಬರಿಗೆಲ್ಲ ಈ ಬುದ್ಧಿ ಹೇಳುತ್ತಿದ್ದವಳು ನಾನೇ.

ಆ ವಾರ ಅಕ್ಕ ಸಿನಿಮಾಕ್ಕೆ ಬಂದಿರಲಿಲ್ಲ. "ಪಿಚ್ಚರ್ ಏನಾಯ್ತು ಹೇಳೇ" ಎಂದಳು. ಶುರು ಮಾಡಿದೆ. ಕಥೆ ಹೇಳಲು ಕೂತರೆ ನನಗೆ ಹಿಂದುಮುಂದು ತಿಳಿಯುವುದಿಲ್ಲ. ಬಾಗಿಲ ಸಂದಿಯಲ್ಲಿ ಕೊಡಲಿ ಹಿಡಿದವನು ನಿಂತದ್ದು, ಹುಡುಗಿ ತಿರುಗಿ ನೋಡಿದ್ದು, ಅಲ್ಲಿಗೆ ಬಂದಾಗ ಆ ಹುಡುಗಿಯಂತೆಯೇ ಕಿರುಚಿಬಿಟ್ಟೆ.

ಕೂಡಲೇ ಗಂಡಸಿನ ಕೂಗೊಂದು ಕೇಳಿತು. ಓಡಿದೆ. ಇಬ್ಬರೂ ನೆಲಕ್ಕೆ ಬಗ್ಗಿದ್ದರು, ಮಟ್ಟೆಗಳ ಮೇಲೆ ರಕ್ತವಿತ್ತು. ಯಾರದೆಂದು ತಿಳಿಯಲಿಲ್ಲ. ಯಜಮಾನರ ಎರಡೂ ಕೈಗಳನ್ನು ಎಳೆದು, ತಿರುಗಿಸಿ ತಿರುಗಿಸಿ ನೋಡಿದೆ. ಧೂಳು, ನಾರು ಬಿಟ್ಟರೆ ಏನೂ ಇರಲಿಲ್ಲ. "ಸದ್ಯ, ದೇವ್ರೇ!" ಎಂದುಬಿಟ್ಟೆ, ಜೋರಾಗಿಯೇ. ಸಿನಿಮಾ ಮುಗಿದಾಗ ಆಗುವಂತೆಯೇ ಮೈ ಹಗುರವಾಯಿತು. ಆಮೇಲೆ ಭಾವನ ಕಡೆ ನೋಡಿದೆ. ಸಲಾಕೆ ಅವರ ಅಂಗೈಯನ್ನು ತೂತು ಮಾಡಿತ್ತು.

ತಿಪಟೂರಿಗೆ ಕರೆದೊಯ್ದು ಹೊಲಿಗೆ ಹಾಕಿಸಿದೆವು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ವಾರವಾದ ಮೇಲೆ ನಾನು ಮುದ್ದೆ, ಸಾರು ಹಿಡಿದು ಅವರ ಮನೆಗೆ ಹೋದೆ. ಕಿರುಚಿದ್ದಕ್ಕೆ ಕ್ಷಮಿಸು ಎಂದು ಅಕ್ಕನ ಕಾಲು ಹಿಡಿಯಲು ಬಗ್ಗಿದೆ. ಅವಳು ಭುಜ ಹಿಡಿದು ಎಬ್ಬಿಸಿದಳು.

"ಕಿರುಚಿದ್ದು ಹೋಗ್ಲಿ ಬುಡೇ, ಕಥೆ ಹೇಳು ಅಂದೋಳು ನಾನೇ" ಎಂದಳು. "ನಮ್ಮನೆಯೋರ ಕೈನಾಗೆ ರಕ್ತ ಸುರೀತಿದ್ರೆ ನೀನು ಸದ್ಯ ಅಂದ್ಯಲ್ಲಾ ಕಣೇ. ಅದನ್ನ ಹೆಂಗೆ ಮರೀಲಿ?"