ಮೊದಲ ಗೂಡಿನ ಫೋಟೋದಲ್ಲಿ ಅಪ್ಪನಿರಲಿಲ್ಲ

ಕರಿಘಟ್ಟದ ತಪ್ಪಲಿನ ಹೆಂಚಿನ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದ ಮೇಲೆ, ಅಲ್ಲಿ ಮೊದಲು ಕೆಲಸಕ್ಕೆ ಸೇರಿದವರಿಗೆ ಊರಿನವರು ಹೋದ ವರ್ಷ ಸನ್ಮಾನ ಇಟ್ಟುಕೊಂಡರು. ಅಪ್ಪ ತೀರಿಹೋಗಿದ್ದರಿಂದ ಅವರ ಶಾಲು ತೆಗೆದುಕೊಳ್ಳಲು ನಾನು ಹೋದೆ. ಅಪ್ಪ ಬದುಕಿಡೀ ಹೆಂಚು ಸುಡುವ ಗೂಡಿನ ಬೆಂಕಿ ನೋಡಿಕೊಂಡವರು. ಹುಬ್ಬಿನಲ್ಲಿ ಕೂದಲೇ ಉಳಿದಿರಲಿಲ್ಲ. "ಮೊದ್ಲನೇ ಗೂಡಿಗೆ ಬೆಂಕಿ ಇಕ್ಕಿದ್ದು ನಾವು ಎಂಟು ಜನ" ಎಂದು ಉಣ್ಣಲು ಕೂತಾಗಲೆಲ್ಲ ಹೇಳುತ್ತಿದ್ದರು.

ವೇದಿಕೆಯ ಪಕ್ಕ ಆ ಎಂಟು ಜನರ ಫೋಟೋ ದೊಡ್ಡದು ಮಾಡಿಸಿ ನಿಲ್ಲಿಸಿದ್ದರು. ಅಪ್ಪನನ್ನು ಹುಡುಕಿದೆ. ಸಿಗಲಿಲ್ಲ. ಕೆಳಗಿನ ಪಟ್ಟಿಯಲ್ಲಿ ಎಡದಿಂದ ಮೂರನೆಯದು ಅಪ್ಪನ ಹೆಸರೇ. ಆದರೆ ಆ ಜಾಗದಲ್ಲಿದ್ದವನು ಬೇರೆ ಯಾರೋ, ತೆಳ್ಳಗೆ, ಬಲು ಎತ್ತರ.

ಆ ಎಂಟರಲ್ಲಿ ಬದುಕಿರುವುದು ಒಬ್ಬರೇ. ಅಲ್ಲೇ ಮುಂದೆ ಕೂತಿದ್ದ ಅವರನ್ನೇ ಕೇಳಿದೆ.

"ಅವ್ನು ನಿಮ್ ದೊಡ್ಡಪ್ಪ ಕಣವ್ವ. ನಾಗಮಂಗ್ಲದ ಕಡೆಯಿಂದ ಬಂದಿದ್ದ. ಸ್ವಲ್ಪ ದಿನಕ್ಕೇ ಕಾಯ್ಲೆ ಬಂದು ತೀರ್ಕೊಂಡ. ಆಮೇಲೆ ಅವನ ಎಸ್ರಲ್ಲೇ ನಿಮ್ಮಪ್ಪ ಸೇರ್ಕೊಂಡ. ನಮಗೆಲ್ಲಾ ಗೊತ್ತಿತ್ತು, ಯಾರೂ ಬಾಯ್ ಬುಡ್ನಿಲ್ಲ."

ನನಗೊಬ್ಬ ದೊಡ್ಡಪ್ಪ ಇದ್ದರೆಂದೇ ತಿಳಿದಿರಲಿಲ್ಲ. ನನ್ನ ಹೆಸರಿನ ಜೊತೆಗಿರುವ ಇನಿಷಿಯಲ್ಲೂ ಅದೇ ಹೆಸರಿನದು. ಅಷ್ಟರಲ್ಲಿ ಮೈಕಿನಲ್ಲಿ ಆ ಹೆಸರು ಕರೆದರು. ಹೋಗಬೇಕೋ ಬೇಡವೋ ತೋಚದೆ ನಿಂತೆ.

"ಓಗವ್ವ, ಕೂಗ್ತಾವ್ರೆ" ಎಂದು ಮುದುಕರು ಬೆನ್ನಿಗೆ ಕೈಯಿಟ್ಟು ದೂಡಿದರು. ಹೋಗಿ ಶಾಲು ಇಸಿದುಕೊಂಡೆ. ಯಾರ ಪರವಾಗಿ ಕೈಮುಗಿದೆನೋ ಗೊತ್ತಿಲ್ಲ.

ಮನೆಯಲ್ಲಿ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ನಿನ್ ಮದ್ವೇಲಿ ಅಪ್ಪನ ಎಸ್ರು ಏನಿತ್ತು?"

"ನಾನ್ಯಾವತ್ತು ಗಂಡನ ಎಸ್ರು ಕೂಗಿದ್ದೆ?" ಎಂದಳು. ಇನ್ನೊಂದು ಕಾಯಿ ಸುಲಿದು, "ಅತ್ತೆ ಮಾತ್ರ ಚಿಕ್ಕೋನೇ ಅಂತ ಕರೀತಿದ್ರು" ಎಂದು ಸೇರಿಸಿದಳು.

ಅಪ್ಪ ಶಾಲೆಗೇ ಹೋದವರಲ್ಲ, ಅವರ ಸ್ವಂತ ಹೆಸರು ನೋಡೋಣವೆಂದರೆ ಒಂದು ದಾಖಲೆಯೂ ಇಲ್ಲ. ಅವರು ನಮಗೆ ಸುಳ್ಳು ಹೇಳಿದರೋ, ಅಣ್ಣನ ಜಾಗದಲ್ಲಿ ದುಡಿದೂ ದುಡಿದೂ ಆ ಮೊದಲ ದಿನವೂ ತಮ್ಮದೇ ಎಂದು ನಂಬಿಬಿಟ್ಟಿದ್ದರೋ, ಈಗಲೂ ನನಗೆ ತಿಳಿಯುತ್ತಿಲ್ಲ.

ಈ ಸಲ ಅಪ್ಪನ ತಿಥಿಗೆ ಬಂದ ಅಯ್ನೋರು ಹೆಸರು ಕೇಳಿದಾಗ, ನನ್ನಿಂದ ವಿಷಯ ತಿಳಿದಿದ್ದ ತಮ್ಮ ನನ್ನ ಮುಖ ನೋಡಿದ. ನಾನು ಅವ್ವನ ಮುಖ ನೋಡಿದೆ.

"ಈ ಮಕ್ಳ ಅಪ್ಪ ಅಂತ ಅಂದ್ಕೊಂಡು ಮಾಡಿ ಸ್ವಾಮಿ" ಎಂದಳು ಅವ್ವ.

ಅಯ್ನೋರು ಮಂತ್ರ ಶುರುಮಾಡಿದರು. ನಡುವೆ ಯಾವ ಹೆಸರು ಸೇರಿಸಿದರೋ, ನನಗೆ ಕೇಳಿಸಲಿಲ್ಲ.