ಒಬ್ಬರಿಗಾಗುವಷ್ಟು

ಕಳೆದ ಸೋಮವಾರ ಬೆಳಿಗ್ಗೆ ಆದೋನಿಯ ನಮ್ಮ ಓಣಿಯಲ್ಲಿ ಒಂದು ಮನೆಯವರು ಮಗುವಿಗೆ ಹೆಸರಿಡುವ ಕಾರ್ಯ ಇಟ್ಟುಕೊಂಡಿದ್ದರು. ಬೀದಿಯಲ್ಲೇ ಒಲೆ ಹೂಡಿ ಅಗಲವಾದ ಬಾಂಡಲಿಯಲ್ಲಿ ಗುರೆಳ್ಳು ಹುರಿದರು. ಹುರಿದ ಗುರೆಳ್ಳಿನ ವಾಸನೆಯಲ್ಲಿ ಎಣ್ಣೆಯೂ ಇರುತ್ತದೆ, ಸಣ್ಣಗೆ ಕಹಿಯೂ ಇರುತ್ತದೆ. ಬಾಗಿಲು ಹಾಕಿದರೂ ಒಳಗೆ ಬರುತ್ತದೆ. ನಾನು ಪೇಪರ್ ಮಡಚಿಟ್ಟು ಎದುರುಮನೆಯ ಕಡೆ ನೋಡಿದೆ. ಅಲ್ಲಿ ಅವ್ವ ಇಲ್ಲದೆ ಮೂರು ವರ್ಷದ ಮೇಲಾಗಿದೆ.

ಓಣಿಗೆಲ್ಲ ಅವರು ಅಡಿಗೆ ಅವ್ವ. ಹತ್ತಿ ವ್ಯಾಪಾರ ಮಾಡುವ ಒಬ್ಬ ಸಾವುಕಾರರ ಮನೆಯಲ್ಲಿ ವಯಸ್ಸಿನ ಬಹುಪಾಲು ಅಡಿಗೆ ಮಾಡಿದವರು. ಅದು ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆ. ಸೀಜನ್ನಿನಲ್ಲಿ ಹಳ್ಳಿಗಳಿಂದ ಹತ್ತಿ ತಂದ ರೈತರೂ ಅಲ್ಲೇ ಉಣ್ಣುತ್ತಿದ್ದರು. ಮುಂದೆ ಅಣ್ಣತಮ್ಮಂದಿರು ಬೇರೆಯಾದರು, ಒಂದು ಅಡಿಗೆಮನೆ ಮೂರಾಯಿತು, ಮೂರಕ್ಕೂ ಗ್ಯಾಸ್ ಒಲೆ ಬಂತು. ಅವ್ವನಿಗೆ ಆಗ ಎಪ್ಪತ್ತರ ಹತ್ತಿರ. ಗಂಡ ಎಂದೋ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಸಾವುಕಾರರ ಹಿರಿಯ ಸೊಸೆ ನಮ್ಮ ಎದುರಿನ ಒಂಟಿ ಕೋಣೆ ಹಿಡಿದುಕೊಟ್ಟರು. ಅಲ್ಲಿ ಅವ್ವ ತಮ್ಮೊಬ್ಬರಿಗೆ ಅಡಿಗೆ ಮಾಡಿಕೊಳ್ಳಬೇಕಾಯಿತು... ಹುಟ್ಟಿದಂದಿನಿಂದ ಮಾಡಿರದ ಕೆಲಸ ಅದು.

ಕೈ ಸಣ್ಣದಾಗಲಿಲ್ಲ. ಮೊದಲ ದಿನ ಮಾಡಿದ ಬೇಳೆ ನಮ್ಮ ಮನೆಗೆ, ಪಕ್ಕದ ಮನೆಗೆ, ಮೂಲೆಯ ಟೈಲರ್ ಅಂಗಡಿಗೆ ಹೋಗಿಯೂ ಉಳಿಯಿತು. ಮರುದಿನ ಕಡಿಮೆ ಮಾಡುತ್ತೇನೆ ಎಂದರು. ಮರುದಿನದ ಪುಂಡಿಪಲ್ಯ ಎರಡು ಓಣಿ ದಾಟಿತು.

"ಯವ್ವಾ, ಇವತ್ತ ಯಾವ ಊರ ಬೀಗರು ಬಂದಾರ?" ಎಂದು ಟೈಲರ್ ಕೂಗುತ್ತಿದ್ದ.

"ನೀನಽ ನನ್ನ ಬೀಗ, ತಾಟು ತಗೊಂಡು ಬಾ. ಉಪ್ಪು ಬಾಳ ಆಗೈತಿ, ಬಾಯಿ ಮುಚ್ಕೊಂಡು ಉಣ್ಣು," ಎಂದು ಅವ್ವ ಒಳಗಿನಿಂದಲೇ ಹೇಳುತ್ತಿದ್ದರು.

ಉಪ್ಪು ನಿಜಕ್ಕೂ ಜಾಸ್ತಿ ಇರುತ್ತಿತ್ತು. ಬೊಗಸೆಯಲ್ಲಿ ಉಪ್ಪು ಹಾಕಿದವರಿಗೆ ಚಿಟಿಕೆ ಗೊತ್ತಿರಲಿಲ್ಲ. ಇದು ನಮಗೆ ನಗುವ ವಿಷಯ. ಅವ್ವನಿಗೆ ಅಲ್ಲ. ಅವರ ತಂಗಿಯ ಮಗಳು ಗೋನೆಗಂಡ್ಲದಲ್ಲಿದ್ದಳು. ತಿಂಗಳಿಗೊಮ್ಮೆ ಬರುತ್ತಿದ್ದಳು, ಬಂದಾಗಲೆಲ್ಲ ಒಂದೇ ಮಾತು: "ನಡಿ ದೊಡ್ಡವ್ವ ನಮ್ಮನಿಗೆ. ಈ ವಯಸ್ಸಿನಾಗ ಒಲಿ ಮುಂದ ಯಾಕ ಕುಂದ್ರತಿ?" ಅವ್ವನ ಉತ್ತರವೂ ಒಂದೇ. "ಊರಿಗೆಲ್ಲ ಉಣಿಸೀನಿ, ನನ್ನ ಹೊಟ್ಟಿಗೆ ನಾ ಮಾಡ್ಕೊಳ್ಳಾಕ ಬರಲ್ಲೇನು?" ಮಗಳು ಕರೆದದ್ದು ಪ್ರೀತಿಯಿಂದಲೇ. ಆದರೆ ಅಲ್ಲಿ ಹೋದರೆ ಬೇರೆಯವರ ಒಲೆಯ ಮುಂದೆ ಕೂತು ಕಾಯಬೇಕು. ಅವ್ವ ಹೆದರುತ್ತಿದ್ದದ್ದು ಅದಕ್ಕೆ.

ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ಅವ್ವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರಮ್ಮ ತೆಲುಗಿನವರು. ಅವ್ವ ಒಬ್ಬರೇ ಹೋಗಿ ಮಾತಾಡಿಕೊಂಡು ಬಂದರು. ಸಾವುಕಾರರ ಮನೆಗೆ ಸೊಸೆಯಾಗಿ ಬಂದವರೆಲ್ಲ ತೆಲುಗು ಮಾತಾಡುವವರಾದ್ದರಿಂದ ಅಡಿಗೆಮನೆಯಲ್ಲೇ ಕಲಿತ ತೆಲುಗು ಅವ್ವನದು. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಕೊಟ್ಟಿದ್ದಾರೆ, ಪಥ್ಯ ಹೇಳಿದ್ದಾರೆ ಎಂದು ನನ್ನ ಹೆಂಡತಿಗೆ ಹೇಳಿದರು. ಪಥ್ಯ ಏನೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ನಂತರ ಎದುರುಮನೆಯಿಂದ ಪಾತ್ರೆಗಳು ಬರುವುದು ಕಡಿಮೆಯಾಯಿತು. ಅವ್ವ ಕಡೆಗೂ ಅಳತೆ ಕಲಿತರು ಎಂದುಕೊಂಡೆವು. ಅವರೂ ಗೆಲುವಾಗಿಯೇ ಇದ್ದರು. ರವಿಕೆ ಮಾತ್ರ ತೋಳಿನಲ್ಲಿ ಸಡಿಲವಾಗುತ್ತಿತ್ತು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವ್ವ ಗೋಡೆಗೆ ಒರಗಿ ಕುಸಿದಿದ್ದರು. ಮೈಯೆಲ್ಲ ಬೆವರು, ಮಾತು ತೊದಲು. ಹೆಂಡತಿ ಸಕ್ಕರೆ ನೀರು ಕುಡಿಸಿದಳು, ಟೈಲರ್ ಆಟೋ ತಂದ. ದವಾಖಾನೆಯಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದು ಗ್ಲೂಕೋಸ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಗೋನೆಗಂಡ್ಲದಿಂದ ಮಗಳು ಬಂದಳು. ಅವಳು ಮೊದಲು ಕೋಣೆಗೆ ಹೋಗಿ ಅವ್ವನ ಸೀರೆಗಳನ್ನು ಆಗಲೇ ಚೀಲಕ್ಕೆ ತುಂಬಿಕೊಂಡು ಬಂದಿದ್ದಳು.

ಡಾಕ್ಟರಮ್ಮ ಹಾಸಿಗೆಯ ಪಕ್ಕ ನಿಂತು ಕೇಳಿದರು: "ರಾತ್ರಿ ಏಂ ತಿನ್ನಾರಮ್ಮಾ?"

ಏನು ತಿಂದಿರಿ ಎಂಬ ಪ್ರಶ್ನೆಗೆ ಅವ್ವ ಸೋಜಿಗದಿಂದ ಅವರ ಮುಖ ನೋಡಿದರು. "ಏಮೀ ಲೇದು. ರಾತ್ರಿ ಅನ್ನಂ ಮಾನೇಯಮನಿ ಮೀರೇ ಚೆಪ್ಪಾರು ಕದಾ!" ಏನೂ ಇಲ್ಲ, ರಾತ್ರಿ ಅನ್ನ ಬಿಡು ಎಂದು ನೀವೇ ಹೇಳಿದಿರಲ್ಲ ಎಂದು.

ಡಾಕ್ಟರಮ್ಮ ಹೇಳಿದ್ದು ಅಕ್ಕಿಯ ಅನ್ನ ಬಿಡಲು. ಅವ್ವ ರಾತ್ರಿಯ ಊಟವನ್ನೇ ಬಿಟ್ಟಿದ್ದರು. ಸಂಜೆಯ ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸದೆ ಖಾಲಿ ಹೊಟ್ಟೆಗೆ ನುಂಗಿದ್ದರು.

ಮಗಳು ತಲೆಗೆ ಕೈ ಹೊತ್ತುಕೊಂಡಳು. "ಅಯ್ಯ ದೊಡ್ಡವ್ವ, ಅನ್ನ ಅಂದ್ರ ಅನ್ನ! ಊಟ ಅಲ್ಲ!"

"ಕನ್ನಡದಾಗ ಅಂದಿದ್ರ ನನಗೂ ತಿಳೀತಿತ್ತು. ತೆಲುಗಿನೋರು ಊಟಕ್ಕೂ ಅನ್ನಾನಽ ಅಂತಾರಲ್ಲ. 'ಅನ್ನಂ ತಿನ್ನಾವಾ' ಅಂತ ಕೇಳಿದ್ರ, ಅಕ್ಕಿ ಉಂಡಿಯೇನು ಅಂತ ಕೇಳಿದಂಗೇನು?"

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ನಕ್ಕುಬಿಟ್ಟರು. ಮಗಳು ನಗಲಿಲ್ಲ.

"ಸಾಕಿನ್ನ. ನಾಳೆ ಇಲ್ಲಿಂದ ಸೀದಾ ನಮ್ಮನಿಗೆ."

"ತಪ್ಪಾಗಿದ್ದು ಮಾತಿನಾಗವಾ, ಅಡಿಗ್ಯಾಗಲ್ಲ," ಎಂದರು ಅವ್ವ. ದನಿ ಸಣ್ಣಗಿತ್ತು, ಮಾತು ಗಟ್ಟಿಯಾಗಿತ್ತು. "ಉಗಾದಿ ತನಕ ಬಿಡು ನನ್ನ. ಮತ್ತ ಬಿದ್ದೆ ಅಂದ್ರ ನಾನಽ ಚೀಲ ಕಟ್ಟತೀನಿ."

ಮಗಳು ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ, "ಇರಲಿ ಬಿಡ್ರಿ, ಸಂಜಿಮುಂದ ನಾ ನೋಡ್ತೀನಿ," ಎಂದಳು.

ಮನೆಗೆ ಬಂದ ಮೇಲೆ ಅವ್ವ ಮೊದಲು ಮಾಡಿದ್ದು ಇದು: ದೊಡ್ಡ ಪಾತ್ರೆಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದರು. ಸಂತೆಯಿಂದ ಅಂಗೈ ಅಗಲದ ಒಂದು ಬೋಗುಣಿ ತಂದರು. ಅದರಲ್ಲಿ ಎಷ್ಟೇ ತುಂಬಿದರೂ ಒಬ್ಬರಿಗಿಂತ ಹೆಚ್ಚು ಬೇಯುತ್ತಿರಲಿಲ್ಲ. "ಕೈ ಹೇಳಿದ ಮಾತು ಕೇಳವಲ್ದು, ಅದಕ್ಕ ಪಾತ್ರೀನಽ ಬದಲಿ ಮಾಡಿದೆ," ಎಂದರು.

ದಿನದ ಕ್ರಮವೂ ಗಟ್ಟಿಯಾಯಿತು. ಬೆಳಿಗ್ಗೆ ಆ ಬೋಗುಣಿಯಲ್ಲಿ ಜೋಳದ ನುಚ್ಚು, ಮೇಲೆ ಮಜ್ಜಿಗೆ. ಮಧ್ಯಾಹ್ನ ಎರಡು ರೊಟ್ಟಿ ಬಡಿದು ಒಂದನ್ನು ಬಿಸಿಯಾಗಿ ಬೇಳೆ ಸೊಪ್ಪಿನ ಜೊತೆ ಉಣ್ಣುವುದು, ಇನ್ನೊಂದನ್ನು ಬಟ್ಟೆಯಲ್ಲಿ ಸುತ್ತಿಡುವುದು. ದೀಪ ಹಚ್ಚಿದ ಮೇಲೆ ಆ ಎರಡನೆಯ ರೊಟ್ಟಿಯನ್ನು ಮುರಿದು ಬಿಸಿ ಬೇಳೆಕಟ್ಟಿನಲ್ಲಿ ನೆನೆಸಿ, ಗುರೆಳ್ಳು ಪುಡಿ ಉದುರಿಸಿಕೊಂಡು ಉಣ್ಣುವುದು. ಹಲ್ಲು ಹೋದ ಬಾಯಿಗೆ ಅದು ಸುಲಭ, ಮತ್ತೆ ಒಲೆ ಮುಂದೆ ಹೆಚ್ಚು ಹೊತ್ತು ಕೂರಬೇಕಿಲ್ಲ. ಪುಡಿಯನ್ನು ತಿಂಗಳಿಗೊಮ್ಮೆ ಹುರಿದು ಕುಟ್ಟುತ್ತಿದ್ದರು. ಅದನ್ನು ಮಾತ್ರ ಹಳೆಯ ಲೆಕ್ಕದಲ್ಲೇ ಮಾಡಿ ಓಣಿಗೆಲ್ಲ ಹಂಚುತ್ತಿದ್ದರು.

ಮೊದಮೊದಲು ಹೆಂಡತಿ ಸಂಜೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ನಾನೇನು ಕಳ್ಳಿಯೇನವಾ, ಕಾವಲು ನಿಂತೀಯಲ್ಲ? ಬಂದು ಕುಂದ್ರು," ಎಂದು ಅವ್ವ ರೇಗಿಸುತ್ತಿದ್ದರು. ಆಮೇಲೆ ಅವಳು ಕಾವಲಿಗಲ್ಲ, ಮಾತಿಗೆ ಹೋಗತೊಡಗಿದಳು.

ಉಗಾದಿಗೆ ಕೆಲವು ದಿನ ಇರುವಾಗ ಮಗಳು ಹೇಳದೆ ಕೇಳದೆ ಸಂಜೆ ಬಂದಳು. ಅವ್ವ ತಾಟಿನ ಮುಂದೆ ಕೂತಿದ್ದರು. ಮಗಳು ನಿಂತೇ ನೋಡಿದಳು. ಅವ್ವ ಏಳಲಿಲ್ಲ, ಬಾ ಎನ್ನಲಿಲ್ಲ, ಕೊನೆಯ ತುತ್ತಿನವರೆಗೆ ಉಂಡು ತಾಟು ತೊಳೆದರು. ಆಮೇಲೆ ಅವಳಿಗೆ ಬೇರೆ ರೊಟ್ಟಿ ಬಡಿದರು. ಮರುದಿನ ಬೆಳಿಗ್ಗೆ ಮಗಳು ಒಬ್ಬಳೇ ಊರಿಗೆ ಹೋದಳು. ಮುಂದಿನ ವಾರ ಅವಳ ಹೊಲದ ಜೋಳದ ಚೀಲವೊಂದು ಬಸ್ಸಿನ ಮೇಲೆ ಬಂತು.

ಆ ಮೇಲೆ ನಾಲ್ಕು ವರ್ಷ ಅವ್ವ ತಮ್ಮ ಕೈಯಡಿಗೆಯನ್ನೇ ಉಂಡರು. ಮತ್ತೆ ಬೀಳಲಿಲ್ಲ. ಆದರೆ ಬಲಗೈ ಮಣಿಕಟ್ಟು ಮೆಲ್ಲಗೆ ಸೋತಿತು... ರೊಟ್ಟಿ ಬಡಿಯುವಾಗ ಅಂಚು ಹರಿಯುತ್ತಿತ್ತು. ಕೆಲವು ದಿನ ರೊಟ್ಟಿ ಬಿಟ್ಟು ಜೋಳದ ಸಂಗಟಿ, ಅಂದರೆ ಮುದ್ದೆ, ತಿರುವಿದರು. ಅದಕ್ಕೂ ಕೈ ಬರಲಿಲ್ಲ. ಒಂದು ದಿನ ನನ್ನನ್ನು ಕರೆದು, "ತಮ್ಮಾ, ಆಕಿಗೆ ಫೋನ್ ಹಚ್ಚು," ಎಂದರು. ಮಗಳು ಎತ್ತಿದಾಗ ಹೇಳಿದ್ದು ಇಷ್ಟೇ: "ಬಂದು ಕರಕೊಂಡು ಹೋಗವಾ." ಹೋಗಿರಿ ಎಂದು ನಾವು ಯಾರೂ ಹೇಳಿರಲಿಲ್ಲ.

ಕಾರು ಬಂದ ದಿನ ಎರಡು ಚೀಲ ಬಟ್ಟೆ ಮಾತ್ರ ಒಯ್ದರು. ಅಡಿಗೆಯ ಸಾಮಾನು ಒಂದೂ ಒಯ್ಯಲಿಲ್ಲ. ಒಯ್ಯಿರಿ ಎಂದು ಹೆಂಡತಿ ಅಂದಾಗ, "ಅದು ಆಕಿ ಮನಿ. ಅಲ್ಲಿ ಇನ್ನೊಂದು ಒಲಿ ಯಾಕ?" ಎಂದರು. ಗೋನೆಗಂಡ್ಲದಲ್ಲಿ ಅವ್ವ ಎಂಟು ತಿಂಗಳು ಇದ್ದರು. ಮಲಗಿದಲ್ಲೇ ತೀರಿಕೊಂಡರು. ಮಣ್ಣಿಗೆ ನಾವಿಬ್ಬರೂ ಹೋಗಿದ್ದೆವು. ಅಂದು ಗದ್ದಲದಲ್ಲಿ ಮಗಳ ಜೊತೆ ಮಾತಾಡಲು ಆಗಲಿಲ್ಲ.

ಅದೇ ಸೋಮವಾರ ಸಂಜೆ ಅವಳಿಗೆ ಫೋನ್ ಮಾಡಿದೆ. ಚೆನ್ನಾಗಿದ್ದಾಳೆ, ಈ ವರ್ಷ ಜೋಳ ಹಾಕಿಲ್ಲವಂತೆ. ಅಲ್ಲಿ ಅವ್ವ ಹೇಗಿದ್ದರು, ಊಟ ಹೊಂದಿಕೊಂಡಿತ್ತೇ ಎಂದು ಕೇಳಿದೆ.

"ಏನು ಹಾಕಿದ್ರೂ ಉಣ್ತಿದ್ಲುರಿ," ಎಂದಳು. "ಒಂದು ದಿನಾನೂ ಹೆಸರಿಡ್ಲಿಲ್ಲ. ಒಮ್ಮೆ ಬೇಕಂತಽ ಸಾರಿಗೆ ಹುಳಿ ಹಾಕದಽ ಬಡಿಸಿದೆ, ಬೈಲಿ ಅಂತ. ಅದನ್ನೂ ಉಂಡು ಎದ್ಲು."